ಚಿತ್ರದಲ್ಲಿಲ್ಲದ ಲಿಂಗ

ನನ್ನ ತಂಗಿ ಶಾಂಭವಿ ಮಾಡುವ ಗಣಿತ ಯಾವುದು ಎಂದು ಅಜ್ಜಂಪುರದಲ್ಲಿ ಯಾರಾದರೂ ಕೇಳಿದರೆ ನಾನು ಗಿರಣಿ ಚಾಲೂ ಮಾಡಿ, ಆ ಸದ್ದಿನಲ್ಲಿ ಕೇಳಿಸದವಳ ಹಾಗೆ ಇದ್ದುಬಿಡುತ್ತಿದ್ದೆ. ಸಂತೆ ಬೀದಿಯ ಹಿಟ್ಟಿನ ಗಿರಣಿ ನನ್ನದು. ರಾಗಿ ಬೀಸಿಸಲು ಬಂದವರಿಗೆ ವಿಲೋಮ ಸಮಸ್ಯೆ ಅಂದರೆ ಏನು ಎಂದು ಹೇಳುತ್ತಾ ಕೂತರೆ ಕೆಲಸ ಕೆಟ್ಟಂತೆಯೇ. ಆದರೆ ಅವಳು ನನಗೆ ಹೇಳಿಕೊಟ್ಟಿದ್ದಳು. ಆ ಹುಡುಗಿಗೆ ತಾಳ್ಮೆ ಜಾಸ್ತಿ. ನನಗೆ ಬರಬೇಕಾಗಿದ್ದ ಪಾಲೂ ಅವಳಿಗೇ ಹೋಗಿದೆ.

"ಅಕ್ಕ, ಕಾಳಿಂದ ಹಿಟ್ಟು ಮಾಡೋದು ನಿನ್ ಕೆಲ್ಸ. ಹಿಟ್ಟು ನೋಡಿ, ಚೀಲದಲ್ಲಿ ಯಾವ್ ಯಾವ್ ಕಾಳಿತ್ತು ಅಂತ ಹೇಳೋದು ನನ್ ಕೆಲ್ಸ" ಅಂದಿದ್ದಳು.

ಸ್ಕ್ಯಾನ್ ಮಿಷನ್ನಿನದೂ ಅದೇ ಕತೆಯಂತೆ. ಎಕ್ಸ್‌ರೇ ಕಿರಣ ಎದೆಯ ಈ ಕಡೆ ಹೊಕ್ಕು ಆ ಕಡೆ ಹೊರಬೀಳುತ್ತದೆ. ಎಷ್ಟು ಹೊಕ್ಕಿತು, ಎಷ್ಟು ಹೊರಬಂತು ಅನ್ನುವ ಅಂಕಿ ಬಿಟ್ಟರೆ ಮಿಷನ್ನಿಗೆ ಬೇರೇನೂ ಗೊತ್ತಿಲ್ಲ. ಆ ಅಂಕಿಗಳನ್ನು ಹಿಡಿದುಕೊಂಡು ಎದೆಯ ಒಳಗಿರುವುದನ್ನೆಲ್ಲ ಲೆಕ್ಕದಲ್ಲಿ ಮತ್ತೆ ಕಟ್ಟಬೇಕು. ಕಿರಣ ಕಡಿಮೆ ಬಿಟ್ಟರೆ ಮೈಗೆ ಒಳ್ಳೆಯದು, ಚಿತ್ರ ಮಾತ್ರ ಮಬ್ಬು. ಆ ಮಬ್ಬು ತಿದ್ದುವುದಕ್ಕೆ ಶಾಂಭವಿ ಬೆಂಗಳೂರಿನ ತನ್ನ ಗಣಿತ ಸಂಸ್ಥೆಯಲ್ಲಿ ಕೂತು, ಒಂದು ಕಂಪ್ಯೂಟರಿಗೆ ಸಾವಿರಾರು ಜನರ ಎದೆಯ ಚಿತ್ರ ತೋರಿಸಿ ತೋರಿಸಿ ಕಲಿಸಿದ್ದಳು. ಡೀಪ್ ಲರ್ನಿಂಗ್ ಅನ್ನುತ್ತಾರೆ. ಎದೆ ಅಂದರೆ ಹೇಗಿರುತ್ತದೆ ಎಂದು ಅದಕ್ಕೆ ಬಾಯಿಪಾಠ ಆಗಿತ್ತು. ಮಬ್ಬು ಚಿತ್ರ ಕೊಟ್ಟರೆ ತೊಳೆದ ಗಾಜಿನಂಥ ಚಿತ್ರ ವಾಪಸ್ಸು ಕೊಡುತ್ತಿತ್ತು. ತರೀಕೆರೆ ಬಸ್‌ಸ್ಟ್ಯಾಂಡ್ ಹಿಂದೆ ಡಾಕ್ಟರ್ ರೇಣುಕಪ್ರಸಾದ್ ಅವರ ಸ್ಕ್ಯಾನಿಂಗ್ ಸೆಂಟರಿನಲ್ಲಿ ಒಂದು ಹಳೆಯ ಮಿಷನ್ನಿತ್ತು. ಅದಕ್ಕೆ ಶಾಂಭವಿಯ ಈ ಸಾಫ್ಟ್‌ವೇರ್ ಜೋಡಿಸಿ ಪರೀಕ್ಷೆ ನಡೆಸಿದ್ದರು. ಮುದಿ ಮಿಷನ್ನಿಗೆ ಹರೆಯ ಬಂತು ಎಂದು ಡಾಕ್ಟರು ಊರೆಲ್ಲ ಬೋರ್ಡು ಹಾಕಿಸಿದರು. ನಮ್ಮ ಮನೆಯವರಿಗೆ ಹೆಮ್ಮೆ. ನನಗೂ ಇತ್ತು, ಸುಳ್ಳೇಕೆ ಹೇಳಲಿ.

ಆ ಮಿಷನ್ನಿನಡಿ ನಾವು ನಮ್ಮ ಅವ್ವನನ್ನೇ ಮಲಗಿಸಿದೆವು.

ಅವ್ವ ಗುರುಶಾಂತಮ್ಮ ನನ್ನ ಜೊತೆಯಲ್ಲೇ ಇರುವುದು. ಯುಗಾದಿಯಿಂದ ಒಂದೇ ಸಮನೆ ಕೆಮ್ಮು. ಗಿರಣಿಯ ಹಿಟ್ಟಿನ ಧೂಳು ಎಂದು ನಾನು ಅವಳನ್ನು ಗಿರಣಿಯ ಹತ್ತಿರಕ್ಕೇ ಬಿಡಲಿಲ್ಲ. ಆದರೂ ನಿಲ್ಲಲಿಲ್ಲ. ರವಿಕೆಯ ತೋಳು ಸಡಿಲವಾಯಿತು, ಬಳೆ ಮೊಣಕೈಗೆ ಜಾರತೊಡಗಿತು. ಆಗ ನನಗೆ ಹೆದರಿಕೆ ಹತ್ತಿತು. ಹೆದರಿದರೆ ನಾನು ಬೈಯುತ್ತೇನೆ, ಅದು ನನ್ನ ಗುಣ. ಅವ್ವನನ್ನು ಬೈದೆ, ಶಾಂಭವಿಗೆ ಫೋನು ಮಾಡಿ ಬೈದೆ. "ಮನೆಗೆ ಮಾರಿ, ಊರಿಗೆ ಉಪಕಾರಿ ಆಗ್ಬೇಡ ಕಣೇ. ಊರೋರ ಎದೆಯೆಲ್ಲಾ ನೋಡಿದ್ದಾಯ್ತು, ನಿಮ್ಮವ್ವಂದೂ ಒಂದ್ಸಲ ನೋಡು" ಅಂದೆ. ಸ್ಕ್ಯಾನ್ ಮಾಡಿಸು, ನಾನು ವಾರದ ಕೊನೆಗೆ ಬರುತ್ತೇನೆ ಅಂದಳು.

ಸ್ಕ್ಯಾನ್ ಕೋಣೆಯಲ್ಲಿ ನಡೆದದ್ದನ್ನು ಸರಿಯಾಗಿ ಹೇಳಿಬಿಡುತ್ತೇನೆ. ಮಿಷನ್ ನೋಡಿಕೊಳ್ಳುವ ಧನಪಾಲ್ ಮರ್ಯಾದಸ್ಥ ಹುಡುಗ. "ಅಜ್ಜಿ, ಮೈಮೇಲೆ ಲೋಹದ ಸಾಮಾನು ಏನಿದ್ರೂ ತೆಗ್ದು ಅಕ್ಕನ ಕೈಗೆ ಕೊಡಿ" ಅಂದ. ಅವ್ವ ಸರ, ಬಳೆ, ಕಾಲುಂಗುರ ಬಿಚ್ಚಿದಳು. ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯನ್ನೂ ಬಿಚ್ಚಿ ಕೊಟ್ಟಳು. ಕೊಡುವ ಮುಂಚೆ ಅದರೊಳಗಿನ ಇಷ್ಟಲಿಂಗವನ್ನು ತೆಗೆದು, ಬಿಳಿಯ ವಸ್ತ್ರದಲ್ಲಿ ಸುತ್ತಿ, ಎದೆಯ ಎಡಭಾಗಕ್ಕೆ ಒತ್ತಿ ಕಟ್ಟಿಕೊಂಡಳು. ಗಂಟು ಹಾಕಿದವಳು ನಾನೇ. ಅದು ಕಲ್ಲು, ಲೋಹವಲ್ಲ. ಧನಪಾಲ್ ಕೇಳಿದ್ದು ಲೋಹವನ್ನು. ದೀಕ್ಷೆಯಾದ ದಿನದಿಂದ ಅವ್ವನ ಮೈಬಿಟ್ಟು ಒಂದು ಗಳಿಗೆಯೂ ಇರದ ಲಿಂಗವನ್ನು ತೆಗೆದಿಡು ಎಂದು ಯಾರೂ ಅನ್ನಲಿಲ್ಲ, ಅಂದಿದ್ದರೂ ಅವಳು ತೆಗೆಯುತ್ತಿರಲಿಲ್ಲ. ನಮ್ಮವರಲ್ಲಿ ಲಿಂಗ ಹೋದರೆ ಪ್ರಾಣ ಹೋದ ಹಾಗೆ.

ರಿಪೋರ್ಟು ಬಂತು. ಎದೆಯಲ್ಲಿ ಏನೂ ಇಲ್ಲ, ಶ್ವಾಸಕೋಶ ಶುದ್ಧ. ನಾನು ಅವತ್ತು ಗಿರಣಿಗೆ ಬಂದವರಿಗೆಲ್ಲ ಬೆಲ್ಲ ಕೊಟ್ಟೆ.

ಶನಿವಾರ ಬೆಳಿಗ್ಗೆ ಶಾಂಭವಿ ಬಂದಳು. ಮಗಳು ಕಲಿಸಿದ ಮಿಷನ್ ತೆಗೆದ ಚಿತ್ರವನ್ನು ತಾನೂ ನೋಡಬೇಕು ಎಂದು ಅವ್ವ ಹಟ ಹಿಡಿದಳು. ಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು, ಕರಡಿಗೆಯನ್ನು ಸೆರಗಿನೊಳಗೆ ಇಳಿಬಿಟ್ಟುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಳು. ತಿಂಡಿಗೆ ಅಕ್ಕಿರೊಟ್ಟಿ ಆಗಿತ್ತು. ಇದನ್ನು ನೋಡಿ ತಿನ್ನುತ್ತೇನೆ ಅಂದಳು.

ಶಾಂಭವಿ ಸಂತೋಷದಿಂದ ತೋರಿಸುತ್ತಾ ಹೋದಳು. "ಎದೇನ ಅಡ್ಡಡ್ಡಕ್ಕೆ ಹೋಳು ಮಾಡಿ ನೋಡ್ದಂಗೆ ಅವ್ವ. ಇದು ಬೆನ್ನುಮೂಳೆ. ಇದು ಹೃದಯ. ಈ ಕಪ್ಪಗಿರೋದು ಶ್ವಾಸಕೋಶ. ಸುತ್ತಲೂ ಕಾಣೋ ಈ ಗೆರೆ ನಿನ್ ಚರ್ಮ."

ಅವ್ವ ಕನ್ನಡಕ ಏರಿಸಿ, ಬಗ್ಗಿ ನೋಡಿದಳು. ಬೆರಳು ಚರ್ಮದ ಗೆರೆಯ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡಿತು.

"ಎಲ್ಲೇ ನನ್ ಲಿಂಗ?"

"ಲಿಂಗ ತೆಗ್ದಿಟ್ಟಿರ್ತೀಯಲ್ಲವ್ವ" ಅಂದಳು ಶಾಂಭವಿ.

"ನಾನು ಲಿಂಗ ತೆಗ್ದಿಡ್ತೀನಾ?" ಅವ್ವನ ದನಿ ಏರಿತು. "ಏನ್ ಮಾತಾಡ್ತೀಯೇ? ಇಲ್ಲೇ, ಎಡಗಡೆ, ಇವ್ಳೇ ಕಟ್ಟಿದ್ಲು. ಕೋಮಲಾ, ಹೇಳೇ."

ನಾನು ಹೌದು ಅಂದೆ. ಶಾಂಭವಿ ಚಿತ್ರಗಳನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿದಳು. ಎಲ್ಲ ಹೋಳಿನಲ್ಲೂ ಚರ್ಮ ನುಣ್ಣಗಿತ್ತು. ದೊಡ್ಡ ಅಡಿಕೆಯಷ್ಟು ಗಾತ್ರದ ಕಲ್ಲು, ವಸ್ತ್ರದ ಸಮೇತ, ಎಲ್ಲಿಯೂ ಇರಲಿಲ್ಲ.

ಅವ್ವ ಎದ್ದು ದೇವರ ಮೂಲೆಗೆ ಹೋಗಿ ಗೋಡೆಗೆ ಒರಗಿ ಕೂತಳು. ರೊಟ್ಟಿ ತಟ್ಟೆ ಅವಳ ಮುಂದೆ ಇಟ್ಟೆ. ದೂರ ಸರಿಸಿದಳು. ನೀರು ಕೊಟ್ಟರೆ ಅದನ್ನೂ ಬೇಡ ಅಂದಳು.

"ಲಿಂಗ ಬಿಟ್ಟ ಮೈ ಹೆಣ ಕಣೇ. ಹೆಣಕ್ಕೆ ಯಾರಾದ್ರೂ ಅನ್ನ ಇಕ್ತಾರಾ?"

"ಕೊರಳಾಗೇ ಐತಲ್ಲವ್ವ, ಮುಟ್ಟಿ ನೋಡ್ಕೋ!" ನಾನು ಕಿರುಚಿದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದು ಎಲ್ಲರಿಗೂ ಹೇಳುವ ಹೆಂಗಸು ಅವಳು. ಈಗ ಕೊರಳಲ್ಲಿರುವುದನ್ನು ನಂಬಲಿಲ್ಲ.

"ಇದು ಕಲ್ಲು. ಒಳಗಿದ್ದೋನು ಹೊಂಟೋದ. ಒಳಗಿರೋದ್ನ ನೋಡೋ ಮಿಷನ್ನೇ ಹೇಳ್ತಲ್ಲ. ನನ್ ಮಗಳು ಕಲಿಸಿದ ಮಿಷನ್ ಸುಳ್ ಹೇಳ್ತದಾ?"

ಶಾಂಭವಿ ಅವಳ ಕಾಲ ಹತ್ತಿರ ಕೂತಳು. "ಹೇಳಿದೆ ಅವ್ವ. ಸುಳ್ ಹೇಳಿದೆ. ಅದು ಲಿಂಗ ಕಟ್ಟಿರೋ ಎದೇನ ಒಂದ್ಸಲಾನೂ ನೋಡಿರ್ಲಿಲ್ಲ. ಏನೋ ಕೊಳೆ ಅಂದ್ಕೊಂಡು ಅಳಿಸಿಬಿಟ್ಟಿದೆ."

ಅವ್ವ ಅವಳನ್ನು ದಿಟ್ಟಿಸಿದಳು. ಕೆಮ್ಮು ಬಂತು, ನಿಲ್ಲುವ ತನಕ ಕಾದೆವು.

"ಹಂಗಾರೆ ಎದೆ ಚೆನ್ನಾಗೈತೆ ಅಂದಿದ್ದು?" ಅಂದಳು ಅವ್ವ. "ಅದೂ ಸುಳ್ಳಾ?"

ಶಾಂಭವಿ ಎದ್ದು ಅಂಗಳಕ್ಕೆ ನಡೆದಳು. ಅಷ್ಟು ಓದಿದವಳು, ದೇಶದೇಶದ ಸಭೆಗಳಲ್ಲಿ ನಿಂತು ಮಾತಾಡಿದವಳು, ಅವ್ವನ ಒಂದು ಪ್ರಶ್ನೆಗೆ ಎದ್ದು ಹೋದಳು. ಲಿಂಗದ ವಿಷಯ ಒಂದು ಕಡೆ, ಈ ವಿಷಯ ನನ್ನ ತಲೆಗೆ ಬಂದೇ ಇರಲಿಲ್ಲ.

ನಾನು ಹಿಂದೆಯೇ ಅಂಗಳಕ್ಕೆ ಹೋದಾಗ ಶಾಂಭವಿ ಹೇಳಿದಳು. "ಲಿಂಗ ಅಳಿಸಿದ್ದು ಬಿಡು ಅಕ್ಕ..."

"ಬಿಡು ಅಂದ್ರೆ ಏನೇ? ಒಳಗೆ ಅವ್ಳು ಸಾಯಕ್ಕೆ ಕೂತವ್ಳೆ!"

"ಕೇಳು. ಲಿಂಗ ಗಟ್ಟಿ ಕಲ್ಲು. ಕಿರಣ ಕಡ್ಮೆ ಇದ್ದಾಗ ಅಂಥಾದ್ರಿಂದ ಚಿತ್ರದಲ್ಲಿ ಉದ್ದುದ್ದ ಗೀರು ಬೀಳುತ್ವೆ, ಶ್ವಾಸಕೋಶದ ಮೇಲೆಲ್ಲಾ. ಆ ಗೀರುಗಳೂ ಈ ಚಿತ್ರದಲ್ಲಿಲ್ಲ. ಅವನ್ನೂ ಒರೆಸಿ ನುಣ್ಣಗೆ ಮಾಡಿದೆ. ಒರೆಸೋವಾಗ ಆ ದಾರೀಲಿ ಇನ್ನೇನಾದ್ರೂ ಇದ್ದಿದ್ರೆ?"

ಅವಳು ನನ್ನ ಕೈ ಹಿಡಿದುಕೊಂಡಳು. "ಹುಟ್ಟಿದಾಗಿಂದ ನೋಡಿದೀನಿ ಅಕ್ಕ ನಮ್ಮೋರ ಎದೆ ಮೇಲೆ ಲಿಂಗಾನ. ಯಾವ್ಯಾವ್ದೋ ದೇಶದ ಆಸ್ಪತ್ರೆ ಚಿತ್ರ ತರಿಸಿ ಕಲಿಸ್ದೆ. ಒಂದೇ ಒಂದ್ಸಲ ನೆನಪಾಗ್ಲಿಲ್ಲ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವಳ ಅಷ್ಟೂ ವರ್ಷದ ಕೆಲಸ ನಮ್ಮ ಅಂಗಳದಲ್ಲಿ ಒಡೆದು ಬಿದ್ದಿತ್ತು. ಕನಿಕರ ಪಡುವ ಮನಸ್ಸು ನನಗಿರಲಿಲ್ಲ. ಈಗೇನು ಮಾಡಬೇಕು, ಅದನ್ನು ಹೇಳು ಅಂದೆ.

ಲಿಂಗ ತೆಗೆದಿಟ್ಟು ಇನ್ನೊಂದು ಸ್ಕ್ಯಾನ್ ಮಾಡಿಸಬಹುದಿತ್ತು. ಆ ಮಾತೆತ್ತಿದ್ದಕ್ಕೆ ಅವ್ವ ಕಿವಿ ಮುಚ್ಚಿಕೊಂಡಳು. ಆ ಮಿಷನ್ನಿನಡಿ ಇನ್ನು ಮಲಗುವುದಿಲ್ಲ, ಬೇಕಾದರೆ ಹೊತ್ತುಕೊಂಡು ಹೋಗಿ ಮಣ್ಣು ಮಾಡಿ ಅಂದಳು. ಉಳಿದದ್ದು ಒಂದೇ ದಾರಿ. ಸಾಫ್ಟ್‌ವೇರ್ ತಿದ್ದುವ ಮುಂಚಿನ ಹಸಿ ಅಂಕಿಗಳು ಮಿಷನ್ನಿನ ಡಿಸ್ಕಿನಲ್ಲಿ ಇರುತ್ತವೆ. ಅವು ಸಿಕ್ಕರೆ ಶಾಂಭವಿ ಡೀಪ್ ಲರ್ನಿಂಗನ್ನು ಪಕ್ಕಕ್ಕಿಟ್ಟು, ನೂರು ವರ್ಷದ ಹಿಂದಿನ ಹಳೆಯ ಸೂತ್ರದಲ್ಲೇ ಚಿತ್ರ ಕಟ್ಟಬಹುದು. ಮಬ್ಬಾಗಿರುತ್ತದೆ, ಆದರೆ ಏನನ್ನೂ ಅಳಿಸುವುದಿಲ್ಲ.

ಧನಪಾಲನಿಗೆ ಫೋನು ಹಚ್ಚಿದಳು. ಅವನ ದನಿ ನನಗೂ ಕೇಳಿಸುತ್ತಿತ್ತು. "ಮೇಡಂ, ಇವತ್ತು ಲಿಂಗದಹಳ್ಳಿ ಕಡೆಯೋರಿಗೆ ಕ್ಯಾಂಪ್ ಇದೆ. ಡಿಸ್ಕ್ ತುಂಬ್ಕೊಂಡಿದೆ. ಹೊಸಾ ಸ್ಕ್ಯಾನ್ ಮಾಡ್ತಾ ಹೋದಂಗೆ ಹಳೇದು ತಾನೇ ಅಳಿಸಿ ಹೋಗುತ್ತೆ. ನಿಮ್ ತಾಯಿದು ಸಾಯಂಕಾಲದೊಳಗೆ ಹೋಗ್ಬೌದು. ಡಾಕ್ಟ್ರು ಒಂದ್ ಮಾತು ಹೇಳ್ದೆ ನಾನು ಯಾರ್ಗೂ ಕೊಡಂಗಿಲ್ಲ." ಡಾಕ್ಟರು ಕಡೂರಿನ ತಮ್ಮ ಕ್ಲಿನಿಕ್ಕಿನಲ್ಲಿದ್ದರು. ಶಾಂಭವಿ ವಿಷಯ ಹೇಳುತ್ತಿದ್ದ ಹಾಗೆ ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಪಕ್ಕದ ಮನೆಯ ಈರಕ್ಕನನ್ನು ಅವ್ವನ ಹತ್ತಿರ ಕೂರಿಸಿ, ಗಿರಣಿಗೆ ಬೀಗ ಜಡಿದು, ಬೀರೂರಿನ ಮೇಲೆ ಕಡೂರಿಗೆ ಹೋಗುವ ಬಸ್ಸು ಹತ್ತಿದೆವು. ಬಿಸಿಲಿಗೆ ನನ್ನ ಗಂಟಲೇ ಒಣಗುತ್ತಿತ್ತು. ಕಂಡಕ್ಟರ್ ಈರುಳ್ಳಿ ಮೂಟೆಯವನ ಜೊತೆ ಜಗಳ ತೆಗೆದು ಬಸ್ಸು ನಿಲ್ಲಿಸಿದ. ನಾನೆದ್ದು ಇಬ್ಬರಿಗೂ ಬೈದೆ. ಬಸ್ಸು ಹೊರಟಿತು. ಶಾಂಭವಿ ಕಿಟಕಿಗೆ ಹಣೆಯಿಟ್ಟು ಕೂತಿದ್ದಳು. ಈರಕ್ಕನಿಗೆ ಫೋನು ಮಾಡಿದೆ. "ನೀರೂ ಮುಟ್ಟಿಲ್ಲ ಕಣವ್ವ. ಕೊರಳ ಶಿವದಾರ ಹಿಡ್ಕೊಂಡು ಕಣ್ಮುಚ್ಚವ್ಳೆ" ಅಂದಳು.

ಡಾಕ್ಟರ್ ರೇಣುಕಪ್ರಸಾದ್ ಕೆಟ್ಟವರಲ್ಲ. ಹೆದರಿದವರು. ನಮ್ಮನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

"ನೋಡಿ ತಾಯಿ, ನಿಮ್ಮ ಸಾಫ್ಟ್‌ವೇರ್ ನಂಬಿ ಊರಿಗೆಲ್ಲಾ ರಿಪೋರ್ಟ್ ಕೊಟ್ಟಿದೀನಿ. ಇದು ಹೊರಗೆ ಬಿದ್ರೆ ನನ್ ಬಾಗ್ಲಿಗೆ ಕಲ್ಲು ಬೀಳುತ್ತೆ. ಅಮ್ಮಾರ್ನ ಒಪ್ಸಿ ಕರ್ಕೊಂಡ್ ಬನ್ನಿ, ನಾನೇ ನಿಂತು ಇನ್ನೊಂದು ಸ್ಕ್ಯಾನ್ ಮಾಡಿಸ್ತೀನಿ. ಹಳೇದ್ಯಾಕೆ ಕೆದಕ್ತೀರಿ?"

"ಅವ್ವ ಬರಲ್ಲ ಡಾಕ್ಟ್ರೇ" ಅಂದಳು ಶಾಂಭವಿ. "ಲಿಂಗ ಕಾಣೋವರ್ಗೂ ನೀರೂ ಕುಡಿಯಲ್ಲ."

"ನಿಮ್ ಕೊರಳಲ್ಲೂ ಇರ್ಬೇಕಲ್ಲ, ಮುಟ್ಟಿ ನೋಡ್ಕೊಂಡು ಹೇಳಿ" ಅಂದೆ ನಾನು. "ನಿಮ್ಮವ್ವನ್ನ ಮಲಗ್ಸಿ ಲಿಂಗ ಮಾಯ ಮಾಡಿದ್ರೆ ಆಯಮ್ಮ ಏನ್ ಮಾಡೋರು? ನಮ್ಮವ್ವ ಹಸ್ಕೊಂಡು ಸತ್ರೆ ನಾನು ಅಳ್ತಾ ಮನೇಲಿ ಕೂರೋಳಲ್ಲ ಕಣ್ರೀ. ತಂದು ನಿಮ್ ಬೋರ್ಡಿನ ಕೆಳಗೇ ಮಲಗಿಸ್ತೀನಿ."

ಅವರ ಕೈ ತಾನಾಗಿ ಅಂಗಿಯ ಗುಂಡಿಯ ಹತ್ತಿರ ಹೋಯಿತು. ಆಮೇಲೆ ಧನಪಾಲನಿಗೆ ಫೋನು ಮಾಡಿ, ಕೊಡು ಅಂದರು. ನಾವು ಎದ್ದಾಗ ಶಾಂಭವಿಯನ್ನು ತಡೆದು, "ಇದು ನಮ್ಮಲ್ಲೇ ಇರ್ಲಿ" ಅಂದರು.

"ಇರಲ್ಲ ಡಾಕ್ಟ್ರೇ. ಲಿಂಗ ಕಟ್ಕೊಂಡು ಮಲಗಿರೋರು ಅವ್ವ ಒಬ್ಳೇ ಅಲ್ಲ. ಎಲ್ರುನೂ ವಾಪಸ್ ಕರೀಬೇಕು. ನಾನೇ ನಿಮ್ ಜೊತೆ ಕೂತು ಕರೀತೀನಿ" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಡಾಕ್ಟರು ಕುರ್ಚಿಯಲ್ಲಿ ಕುಸಿದರು.

ಕಡೂರಿನಿಂದ ತರೀಕೆರೆಗೆ ಹೆದ್ದಾರಿ. ಬಸ್ಸು ಜೋರಾಗಿಯೇ ಓಡಿತು. ಏನು ಕಾಣಲಿ ಎಂದು ದೇವರನ್ನು ಕೇಳಿಕೊಳ್ಳಬೇಕು ಅನ್ನುವುದೇ ತಿಳಿಯಲಿಲ್ಲ. ಲಿಂಗ ಕಾಣಲಿ, ಮತ್ತೇನೂ ಕಾಣದಿರಲಿ. ಅಷ್ಟೇ ಸಾಕಿತ್ತು. ಅದೇನು ದೊಡ್ಡ ವರವಲ್ಲ ಅಂದುಕೊಂಡೆ.

ಸೆಂಟರಿನ ಬಾಗಿಲಲ್ಲಿ ಜನ ಗಲಾಟೆ ಮಾಡುತ್ತಿದ್ದರು. ಎಕ್ಸ್‌ರೇ ಟ್ಯೂಬ್ ಕಾದಿದೆ, ತಣ್ಣಗಾಗಬೇಕು ಎಂದು ಧನಪಾಲ್ ಸುಳ್ಳು ಹೇಳಿ ಮಿಷನ್ ನಿಲ್ಲಿಸಿಕೊಂಡಿದ್ದ. ಅವ್ವನ ಅಂಕಿಗಳು ಇನ್ನೂ ಇದ್ದವು. ಅಷ್ಟಕ್ಕೇ ನನಗೆ ಕಣ್ಣು ತುಂಬಿ ಬಂತು.

ಶಾಂಭವಿ ಪಕ್ಕದ ಸಣ್ಣ ಕೋಣೆಯಲ್ಲಿ ಕೂತು ತನ್ನ ಲ್ಯಾಪ್‌ಟಾಪಿನಲ್ಲಿ ಏನೇನೋ ಟೈಪು ಮಾಡಿದಳು. ಚಿತ್ರ ಮೂಡಿತು. ಮೊದಲಿನ ಹಾಗೆ ನುಣ್ಣಗೆ ಇರಲಿಲ್ಲ. ಜರಡಿ ಹಿಡಿಯದ ರಾಗಿ ಹಿಟ್ಟಿನ ಹಾಗೆ ತರಿತರಿ. ಬೆನ್ನುಮೂಳೆ ಎಲ್ಲಿ, ಹೃದಯ ಎಲ್ಲಿ ಎಂದು ಹುಡುಕಬೇಕಿತ್ತು. ಆದರೆ ಎಡಗಡೆ, ಚರ್ಮದ ಗೆರೆಯ ಮೇಲೆ, ಬೆಳ್ಳಗೆ ಹೊಳೆಯುತ್ತಾ ದುಂಡಗೆ ಕೂತಿತ್ತು. ಲಿಂಗ. ಅದರಿಂದ ಬಿಳಿಯ ಗೀರುಗಳು ಎದೆಯ ತುಂಬ ಚಾಚಿಕೊಂಡಿದ್ದವು.

"ಬಂತು ಕಣೇ!" ನಾನು ಅವಳ ಬೆನ್ನಿಗೆ ಗುದ್ದಿದೆ. "ಬಂತು! ನಡಿ, ತೋರ್ಸಣ, ಒಂದ್ ತುತ್ತು ತಿನ್ನಲಿ."

ಶಾಂಭವಿ ಏಳಲಿಲ್ಲ. ಒಂದು ಗೀರಿನ ದಾರಿಯಲ್ಲಿ, ಶ್ವಾಸಕೋಶದ ಒಳಗೆ, ಒಂದು ಬೂದು ಗಂಟಿತ್ತು. ದ್ರಾಕ್ಷಿಯಷ್ಟು ಇದ್ದೀತು. ಅವಳು ಅದನ್ನೇ ನೋಡುತ್ತಿದ್ದಳು.

"ಅದು ಗೀರಿಂದೇ ಆಗಿದ್ದಿರ್ಬೌದಲ್ವಾ?" ನಾನು ಕೇಳಿದೆ. "ನೀನೇ ಅಂದ್ಯಲ್ಲ, ಕಲ್ಲಿಂದ ಇಲ್ಲದ್ದೆಲ್ಲಾ ಕಾಣುತ್ತೆ ಅಂತ."

"ಇರ್ಬೌದು" ಅಂದಳು. "ದೇವ್ರೇ, ಇರ್ಬೌದು."

ಒಂದೊಂದೇ ಹೋಳು ಕೆಳಗಿಳಿಸುತ್ತಾ ಹೋದಳು. ಲಿಂಗ ಸಣ್ಣದಾಯಿತು, ಚುಕ್ಕೆಯಾಯಿತು, ಮುಗಿಯಿತು. ಅದರ ಜೊತೆಗೇ ಗೀರುಗಳೂ ನಿಂತವು. ಗಂಟು ನಿಲ್ಲಲಿಲ್ಲ. ಅದರ ಮುಂದಿನ ಹೋಳಿನಲ್ಲೂ ಇತ್ತು, ಅದರಾಚೆಗೂ ಇತ್ತು. ಶಾಂಭವಿ ಪಕ್ಕದಲ್ಲಿ ಆ ಚೆಂದದ ಚಿತ್ರ ತೆರೆದಳು. ಅದೇ ಜಾಗದಲ್ಲಿ ಅಲ್ಲಿ ಒಂದು ತೆಳ್ಳನೆಯ ರಕ್ತನಾಳ ಹಾದುಹೋಗಿತ್ತು, ಎಷ್ಟು ಸಹಜವಾಗಿ ಅಂದರೆ ಯಾವ ಡಾಕ್ಟರಿಗೂ ಅನುಮಾನ ಬರುವಂತಿರಲಿಲ್ಲ. ಆ ರಕ್ತನಾಳ ಅವ್ವನದಲ್ಲ. ಕಂಪ್ಯೂಟರ್ ತಾನು ನೋಡಿದ ಯಾರದೋ ಎದೆಯ ನೆನಪಿನಿಂದ ಬರೆದಿಟ್ಟದ್ದು.

ಶಾಂಭವಿ ಅಳತೊಡಗಿದಳು. ಕೀಬೋರ್ಡಿನ ಮೇಲೆ ಹಣೆಯಿಟ್ಟು, ಚಿಕ್ಕವಳಿದ್ದಾಗ ಅಳುತ್ತಿದ್ದ ಹಾಗೆ ಬಾಯಿ ಬಿಟ್ಟು ಅತ್ತಳು. ಧನಪಾಲ್ ಬಾಗಿಲು ಮರೆಮಾಡಿ ನಿಂತ.

ಆಗ ನಾನು ಹೇಳಿದ ಮಾತಿಗೆ ನನಗೆ ನಾಚಿಕೆಯಿಲ್ಲ. ಅವ್ವ ಹೊಟ್ಟೆಗಿಲ್ಲದೆ ಕೂತಿದ್ದಳು, ಹೊತ್ತು ಇಳಿಯುತ್ತಿತ್ತು. "ಶಾಂಭವಿ, ಆ ಗಂಟು ಅಳಿಸು" ಅಂದೆ. "ಲಿಂಗ ಒಂದೇ ಇರಂಗೆ ಮಾಡಿ ತೋರ್ಸು. ಊಟ ಮಾಡ್ಲಿ. ಆಮೇಲೆ ಡಾಕ್ಟ್ರು, ಆಸ್ಪತ್ರೆ, ಎಲ್ಲಾ ಹೆಂಗೋ ಹೇಳಣ. ನಿನ್ ಕಂಪ್ಯೂಟರ್ ಅಳಿಸಿತ್ತಲ್ಲ, ಈಗ ನೀನೂ ಒಂದ್ಸಲ ಅಳಿಸು. ನಿನ್ ಕಾಲ್ ಹಿಡ್ಕೋತೀನಿ ಕಣೇ."

ಅವಳು ತಲೆಯೆತ್ತಿದಳು. ಅವಳ ಕೈ ಒಂದು ಗಳಿಗೆ ಆ ಗಂಟಿನ ಮೇಲೆ ನಿಂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಕ್ಷಣದ ಕೆಲಸ ಅವಳಿಗೆ.

"ಆಗಲ್ಲ ಅಕ್ಕ" ಅಂದಳು. "ಇನ್ನೊಂದ್ಸಲ ಆಗಲ್ಲ." ಲ್ಯಾಪ್‌ಟಾಪ್ ಮುಚ್ಚಿದಳು.

ಅಜ್ಜಂಪುರದ ಬಸ್ಸಿನಲ್ಲಿ ಇಬ್ಬರೂ ಒಂದು ಮಾತಿಗೆ ಬಂದೆವು. ಮೊದಲು ಲಿಂಗ ತೋರಿಸುವುದು. ಊಟ ಆಗಲಿ. ಇವತ್ತು ಅಷ್ಟೇ. ನಾಳೆ ಬೆಳಿಗ್ಗೆ ಪೂಜೆಯಾದ ಮೇಲೆ ಉಳಿದದ್ದು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವ್ವನ ತುಟಿ ಒಣಗಿ ಬಿಳಿಚಿಕೊಂಡಿತ್ತು. ಈರಕ್ಕ ಬೀಸಣಿಗೆ ಹಿಡಿದು ಕೂತಿದ್ದಳು. ಶಾಂಭವಿ ಲ್ಯಾಪ್‌ಟಾಪನ್ನು ಅವ್ವನ ತೊಡೆಯ ಮೇಲಿಟ್ಟಳು.

ಅವ್ವ ಮೊದಲು ಮುಖ ತಿರುಗಿಸಿದಳು. ಆಮೇಲೆ ಓರೆಗಣ್ಣಿನಲ್ಲಿ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಅದನ್ನು ಹಿಡಿದು ಮುಖದ ಹತ್ತಿರ ತಂದುಕೊಂಡಳು.

"ಅಗೋ!" ಅಂದಳು. "ಅಗೋ, ಅವ್ನೇ! ಎಲ್ಲೋಗಿದ್ಯೋ ನನ್ನಪ್ಪಾ!"

ಕಣ್ಣೀರು ಸುರಿಯಿತು. ಅವ್ವ ಕೈಮುಗಿದಳು, ಚಿತ್ರಕ್ಕೆ ಹಣೆ ತಾಗಿಸಿದಳು, ವಿಭೂತಿ ಪರದೆಗೆ ಮೆತ್ತಿತು. "ನೋಡೇ ಈರಿ, ಹೆಂಗ್ ಕಿರಣ ಬಿಟ್ಕೊಂಡು ಕೂತವ್ನೆ, ನನ್ ಎದೆ ತುಂಬ!" ಗೀರುಗಳನ್ನು ಬೆರಳಿನಲ್ಲಿ ಸವರಿದಳು. ಶಾಂಭವಿ ಅತ್ತ ತಿರುಗಿ ನಿಂತಳು. ನಾನು ಓಡಿಹೋಗಿ ನೀರು ತಂದೆ. ಗಟಗಟನೆ ಕುಡಿದಳು. ಅನ್ನ ಸಾರು ಕಲಸಿ ತಟ್ಟೆಯಲ್ಲಿ ಕೊಟ್ಟೆ. ಲ್ಯಾಪ್‌ಟಾಪ್ ಪಕ್ಕದಲ್ಲೇ ಇರಲಿ ಅಂದಳು, ಅದನ್ನು ನೋಡುತ್ತಾ ಉಣ್ಣತೊಡಗಿದಳು. ಎಷ್ಟೋ ತಿಂಗಳಿಂದ ಅವಳು ಹಾಗೆ ಉಂಡದ್ದನ್ನು ನಾನು ನೋಡಿರಲಿಲ್ಲ. ಈರಕ್ಕ ಸಮಾಧಾನವಾಗಿ ಮನೆಗೆ ಹೋದಳು.

ಅರ್ಧ ಊಟಕ್ಕೆ ಅವ್ವನ ಕೈ ನಿಂತಿತು.

"ಈ ಕಿರಣದ ದಾರೀಲಿ ಒಂದ್ ಮಣಿ ಇದ್ದಂಗೈತಲ್ಲ. ಅದೇನೇ?"

ಶಾಂಭವಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಜೀವಮಾನವೆಲ್ಲ ಬಾಯಿ ಬಡುಕಿ ಅನ್ನಿಸಿಕೊಂಡವಳಿಗೆ ಒಂದು ಸುಳ್ಳು ಹುಟ್ಟಲಿಲ್ಲ.

"ಬೆಳಿಗ್ಗೆ ಚಿತ್ರದಾಗೆ ಲಿಂಗಾನೂ ಇರ್ಲಿಲ್ಲ, ಇದೂ ಇರ್ಲಿಲ್ಲ" ಅಂದಳು ಅವ್ವ, ನಿಧಾನವಾಗಿ. "ಈಗ ಎರಡೂ ಅವೆ."

"ಅವ್ವಾ..."

"ಲಿಂಗ ನಿಜಾನೇನೇ?"

"ನಿಜ ಅವ್ವ."

"ಹಂಗಾರೆ ಇದೂ ನಿಜ."

ಶಾಂಭವಿ ಅವಳ ಮಂಡಿಗೆ ಮುಖವಿಟ್ಟು ಬಿದ್ದಳು. ಅವ್ವ ಎಂಜಲು ಕೈಯನ್ನು ತಟ್ಟೆಯ ಮೇಲೆ ಹಿಡಿದುಕೊಂಡು, ಎಡಗೈಯಿಂದ ಅವಳ ತಲೆ ಸವರಿದಳು. ಕೆಮ್ಮಿದಳು. ಬಹಳ ಹೊತ್ತು ಆ ಮಣಿಯನ್ನೇ ನೋಡಿದಳು.

"ಇದ್ನ ಕುಯ್ದು ತೆಗೀತಾರಾ?"

"ತೆಗೀಬೌದು. ಇನ್ನೂ ಗೊತ್ತಿಲ್ಲ ಅವ್ವ, ದೊಡ್ಡ ಡಾಕ್ಟ್ರನ್ನ ಕೇಳ್ಬೇಕು."

"ತೆಗೆಯೋವಾಗ ಲಿಂಗ ಬಿಚ್ಚು ಅಂತಾರಾ?"

ಶಾಂಭವಿ ತಲೆಯೆತ್ತಿದಳು. ಕೆನ್ನೆಗೆ ಕೂದಲು ಅಂಟಿಕೊಂಡಿತ್ತು. ಇಲ್ಲ ಅನ್ನು, ನಾನು ಮನಸ್ಸಿನಲ್ಲೇ ಕೂಗಿದೆ, ಇಲ್ಲ ಅಂದುಬಿಡು.

"ಗೊತ್ತಿಲ್ಲ ಅವ್ವ" ಅಂದಳು.

ಅವ್ವ ತಲೆಯಾಡಿಸಿದಳು. ಎಡಗೈ ಕರಡಿಗೆಯ ಮೇಲೆ ಹೋಗಿ, ಅಲ್ಲೇ ಮುಚ್ಚಿಕೊಂಡಿತು.

"ಕೇಳ್ಕೊಂಡ್ ಬಾ" ಅಂದಳು. "ಬಿಚ್ಚಲೇಬೇಕು ಅಂದ್ರೆ, ಇವ್ನು ಇರೋ ತಂಕ ಆ ಮಣೀನೂ ಇರ್ಲಿ ಅಂತ ಹೇಳ್ಬಿಟ್ಟು ಬಾ."

ಆಮೇಲೆ ನನ್ನ ಕಡೆ ತಟ್ಟೆ ಚಾಚಿ, ಇನ್ನೊಂದು ತುತ್ತು ಅನ್ನ ಹಾಕು ಅಂದಳು. ನಾನು ಹಾಕಿದೆ.